ಗೇಟು ಕಾಯುವವರಿದ್ದಾರೆ, ಚೈನು ನೋಡುವವರು?

2024ರ ಆಗಸ್ಟ್ 10ರ ರಾತ್ರಿ 11ರ ಸುಮಾರಿಗೆ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಚೈನ್‌ಲಿಂಕ್ ತುಂಡಾಯಿತು, ಗೇಟು ನೀರಿನೊಂದಿಗೆ ಕೊಚ್ಚಿಹೋಯಿತು. ಹಿಂದಿನ ವರ್ಷ ಬರ ಕಂಡಿದ್ದ ರೈತರು ತುಂಬಿದ ಡ್ಯಾಮು ನೋಡಿ ನೆಮ್ಮದಿಯ ಉಸಿರು ಬಿಟ್ಟಿದ್ದ ದಿನಗಳವು. ಮುಖ್ಯಮಂತ್ರಿಗಳ ಬಾಗಿನ ಅರ್ಪಣೆಗೆ ಸಿದ್ಧತೆ ನಡೆದಿತ್ತು. 60 ಅಡಿ ಅಗಲ, 20 ಅಡಿ ಎತ್ತರದ ಆ ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯುಸೆಕ್ ನೀರು ನುಗ್ಗತೊಡಗಿತು. ಲೆಕ್ಕ ಹಾಕಿದರೆ ದಿನಕ್ಕೆ 3 ಟಿಎಂಸಿ. ಉಳಿದ ಗೇಟುಗಳ ಮೇಲಿನ ಒತ್ತಡ ತಗ್ಗಿಸಲು ಅವನ್ನೂ ಎತ್ತಿ, ಕೂಡಿಟ್ಟ ನೀರನ್ನು ಕೈಯಾರೆ ನದಿಗೆ ಬಿಡಬೇಕಾಯಿತು. ಮೂವತ್ತು ಟಿಎಂಸಿಗೂ ಹೆಚ್ಚು ನೀರು ಹೀಗೆ ಹೋಯಿತು. ಯಾರೂ ಬಾಂಬ್ ಇಟ್ಟಿರಲಿಲ್ಲ, ಯಾವ ಹ್ಯಾಕರ್ ಕೂಡ ಗೇಟಿಗೆ ಕೈಹಾಕಿರಲಿಲ್ಲ. ಪ್ರವಾಹವೂ ಅಸಾಧಾರಣವಾಗಿರಲಿಲ್ಲ. 1953ರಿಂದ ನೀರು ನಿಲ್ಲಿಸಿಕೊಂಡು ಬಂದ ಒಂದು ಅಣೆಕಟ್ಟಿನಲ್ಲಿ ಒಂದು ಕಬ್ಬಿಣದ ಕೊಂಡಿ ಸವೆದಿತ್ತು, ಅಷ್ಟೇ.

ನಿರ್ಣಾಯಕ ಮೂಲಸೌಕರ್ಯದ ಭದ್ರತೆ ಎಂಬ ಮಾತು ಬಂದಾಗ ನಮ್ಮ ಸರ್ಕಾರಗಳ ಕಣ್ಣಿಗೆ ಮೊದಲು ಕಾಣುವುದು ಹೊರಗಿನ ಶತ್ರು. ಅಣೆಕಟ್ಟಿನ ಮೇಲೆ ಫೋಟೊ ತೆಗೆಯಬಾರದು ಎಂಬ ಫಲಕ, ಬಂದೂಕು ಹಿಡಿದ ಕಾವಲುಗಾರ, ಸಿಸಿಟಿವಿ, ಪಾಸ್ ಇಲ್ಲದೆ ಬಿಡದ ಚೆಕ್‌ಪೋಸ್ಟ್. ಸೈಬರ್ ದಾಳಿಯ ಭಯಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ನೇ ಕಲಮಿದೆ, 2014ರಲ್ಲಿ ಶುರುವಾದ ರಾಷ್ಟ್ರಮಟ್ಟದ ಪ್ರತ್ಯೇಕ ಸಂಸ್ಥೆಯೂ ಇದೆ. ಇವು ಬೇಡವೆನ್ನುವವರಿಲ್ಲ. ಆದರೆ ನಮ್ಮ ಸುತ್ತಮುತ್ತಲ ಅಣೆಕಟ್ಟುಗಳು ಕೈಕೊಟ್ಟ ಬಗೆ ನೋಡಿ. 2021ರ ನವೆಂಬರ್‌ನಲ್ಲಿ ಆಂಧ್ರದ ಚೆಯ್ಯೇರು ನದಿಯ ಅನ್ನಮಯ್ಯ ಜಲಾಶಯಕ್ಕೆ ಭಾರೀ ನೀರು ಬಂದಾಗ ಐದು ಗೇಟುಗಳಲ್ಲಿ ಒಂದು ತೆರೆಯಲೇ ಇಲ್ಲ. ಮಣ್ಣಿನ ಕಟ್ಟೆ ಒಡೆದು ಕೆಳಗಿನ ಹಳ್ಳಿಗಳು ಕೊಚ್ಚಿಹೋದವು, ಜನ ಸತ್ತರು. 2022ರ ಸೆಪ್ಟೆಂಬರ್‌ನಲ್ಲಿ ಕೇರಳದ ನೆಲದಲ್ಲಿದ್ದು ತಮಿಳುನಾಡು ನಡೆಸುವ ಪರಂಬಿಕುಳಂನಲ್ಲಿ ಮೂರು ಗೇಟುಗಳ ಪೈಕಿ ಒಂದು ನಡುರಾತ್ರಿ ಕಿತ್ತುಹೋಯಿತು. ಅದಾದ ಎರಡು ವರ್ಷಕ್ಕೆ ತುಂಗಭದ್ರಾ. ಮೂರರಲ್ಲೂ ಬೇಲಿ ಹಾರಿ ಬಂದವರು ಯಾರೂ ಇಲ್ಲ. ಮೂಲಸೌಕರ್ಯದ ಭದ್ರತೆ ಎಂದರೆ ಮೊದಲಿಗೆ ಹೊತ್ತಿಗೆ ಸರಿಯಾಗಿ ಮಾಡಿದ ದುರಸ್ತಿ. ಆ ದುರಸ್ತಿಗೆ ಬೇಕಾದ ಬಿಡುವನ್ನೂ ಅದರ ಬೆಲೆಯನ್ನೂ ಯಾರ ಲೆಕ್ಕಕ್ಕೂ ಬರೆಯದಿರುವುದೇ ನಮ್ಮ ದೊಡ್ಡ ಅಪಾಯ ಎಂಬುದು ನನ್ನ ವಾದ.

ಗೇಟಿನ ಕೆಲಸ ಹೊರಗಿನಿಂದ ಕಾಣುವಷ್ಟು ಸರಳವಲ್ಲ. ಜಲಾಶಯ 1633 ಅಡಿಗೆ ತುಂಬಿದಾಗ ಒಂದೊಂದು ಕ್ರಸ್ಟ್‌ಗೇಟಿನ ಮೇಲೆ ಬೀಳುವ ನೀರಿನ ಒತ್ತಡ ಸುಮಾರು 340 ಟನ್. ಅಷ್ಟನ್ನು ತಡೆದುಕೊಂಡೇ ಉಕ್ಕಿನ ಆ ಹಲಗೆ ಎರಡು ಬದಿಯ ತೋಡುಗಳಲ್ಲಿ ಮೇಲೆ ಕೆಳಗೆ ಸರಿಯಬೇಕು. ಎತ್ತುವುದು ಚೈನು, ಭಾರ ಸರಿದೂಗಿಸುವುದು ಇನ್ನೊಂದು ತುದಿಯ ಕೌಂಟರ್‌ವೇಟ್. ವರ್ಷದಲ್ಲಿ ಕೆಲವು ತಿಂಗಳು ನೀರು, ಕೆಲವು ತಿಂಗಳು ಹೊಸಪೇಟೆಯ ಬಿಸಿಲು. ಈ ನೆನೆದು ಒಣಗುವ ಆಟದಲ್ಲಿ ಉಕ್ಕು ತೆಳುವಾಗುತ್ತ ಹೋಗುತ್ತದೆ. ಬಣ್ಣ ಬಳಿದ ಮೇಲೆ ಹೊರಗಿನಿಂದ ಎಲ್ಲವೂ ಲಕ್ಷಣವಾಗಿ ಕಾಣುತ್ತದೆ. ಒಳಗೆ ಎಷ್ಟು ದಪ್ಪ ಉಳಿದಿದೆ ಎಂದು ತಿಳಿಯಬೇಕಾದರೆ ಉಪಕರಣ ಇಟ್ಟು ಅಳೆಯಬೇಕು, ಕೊಂಡಿ ಕೊಂಡಿಯನ್ನೂ ಪರೀಕ್ಷಿಸಬೇಕು. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಗೇಟಿನ ಮುಂದೆ ಇಳಿಸಿ ತಾತ್ಕಾಲಿಕವಾಗಿ ನೀರು ತಡೆಯುವ ಸ್ಟಾಪ್‌ಲಾಗ್ ಇದ್ದರೆ ಜಲಾಶಯ ತುಂಬಿರುವಾಗಲೂ ಗೇಟು ರಿಪೇರಿ ಮಾಡಬಹುದು. ತುಂಗಭದ್ರೆಯಲ್ಲಿ ಆ ಏರ್ಪಾಡು ಇರಲಿಲ್ಲ. ಕಟ್ಟಿದವರ ಕಾಲಕ್ಕೆ ಅದು ಬೇಕೆನಿಸಿರಲಿಕ್ಕಿಲ್ಲ. ಆದರೆ ಆನಂತರದ 70 ವರ್ಷಗಳಲ್ಲಿ 33 ಗೇಟುಗಳ ಪೈಕಿ ಒಂದು ಹೋದರೆ ಏನು ಮಾಡುತ್ತೇವೆ ಎಂಬ ಪ್ರಶ್ನೆಗೆ ಸಿದ್ಧ ಉತ್ತರ ಯಾರ ಕೈಯಲ್ಲೂ ಇರಲಿಲ್ಲವೆಂಬುದಕ್ಕೆ ಕಟ್ಟಿದವರನ್ನು ದೂರಲಾಗದು.

ಆ ಆಗಸ್ಟ್‌ನಲ್ಲಿ ಉತ್ತರ ಹುಡುಕಿಕೊಟ್ಟವರು ಇಳಿವಯಸ್ಸಿನ ಗೇಟು ತಜ್ಞ ಎನ್. ಕನ್ನಯ್ಯ ನಾಯ್ಡು. ಮಾಮೂಲಿ ದಾರಿಯಲ್ಲಿ ಹೋಗಿದ್ದರೆ ನೀರಿನ ಮಟ್ಟ ಗೇಟಿನ ಬುಡಕ್ಕೆ, ಅಂದರೆ 1613 ಅಡಿಗೆ ಇಳಿಯುವವರೆಗೆ ಕಾಯಬೇಕಿತ್ತು. 60 ಟಿಎಂಸಿಯಷ್ಟು ನೀರನ್ನು ಮರೆತುಬಿಡಬೇಕಿತ್ತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಬಹುದೆಂದು ಅವರು ಹೇಳಿದರು. ಹೊಸಪೇಟೆ, ತೋರಣಗಲ್ಲು ಸುತ್ತಿನ ಕಾರ್ಖಾನೆಗಳಲ್ಲಿ ಹಗಲು ರಾತ್ರಿ ಕೆಲಸ ನಡೆದು ಉಕ್ಕಿನ ತುಂಡುಗಳು ತಯಾರಾದವು. ಆಗಸ್ಟ್ 16ರ ರಾತ್ರಿ ಮೊದಲ ತುಂಡು ಕೂತಿತು, ಮರುದಿನದ ಹೊತ್ತಿಗೆ ಕಿಂಡಿ ಮುಚ್ಚಿತು. ಸುಮಾರು 70 ಟಿಎಂಸಿ ನೀರು ಉಳಿಯಿತು, ಮುಂಗಾರು ಬೆಳೆಯೂ ಉಳಿಯಿತು. ಪ್ರಾಣದ ಹಂಗು ತೊರೆದು ಅಲ್ಲಿ ಇಳಿದ ಕಾರ್ಮಿಕರಿಗೂ ಎಂಜಿನಿಯರುಗಳಿಗೂ ನಾಡು ಕೃತಜ್ಞವಾಗಿರಬೇಕು. ಆದರೆ ಸನ್ಮಾನದ ಶಾಲು ಹೊದಿಸಿದ ಮೇಲೆ ಕೇಳಲೇಬೇಕಾದ ಪ್ರಶ್ನೆಯೊಂದಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಎಕರೆಯ ಆಯಕಟ್ಟು, ಹಲವು ಊರುಗಳ ಕುಡಿಯುವ ನೀರು, ವಿದ್ಯುತ್ ಘಟಕ, ಇಷ್ಟೆಲ್ಲ ನಿಂತಿದ್ದದ್ದು ಒಬ್ಬ ಹಿರಿಯ ತಜ್ಞ ಆ ವಾರ ಆರೋಗ್ಯವಾಗಿದ್ದರು, ಕರೆದ ತಕ್ಷಣ ಬಂದರು ಎಂಬುದರ ಮೇಲೆಯೇ? ಮೊದಲೇ ಮಾಡಿಸಿಟ್ಟ ಸ್ಟಾಪ್‌ಲಾಗ್ ಒಂದು ಗೋದಾಮಿನಲ್ಲಿದ್ದಿದ್ದರೆ ಅದು ಸುದ್ದಿಯಾಗುತ್ತಿರಲಿಲ್ಲ, ಯಾರಿಗೂ ಸನ್ಮಾನವೂ ಆಗುತ್ತಿರಲಿಲ್ಲ. ಅಂಥ ಸಪ್ಪೆ ಸ್ಥಿತಿಯನ್ನು ಗುರಿಯಾಗಿಟ್ಟುಕೊಳ್ಳುವ ಆಡಳಿತ ನಮ್ಮಲ್ಲಿ ಕಡಿಮೆ.

ವಿದ್ಯುತ್ ಕ್ಷೇತ್ರದಲ್ಲಿ ಈ ಬಗೆಯ ಯೋಚನೆಗೆ ಒಂದು ನಿಯಮವೇ ಇದೆ. ಎನ್ ಮೈನಸ್ ಒನ್ ಎನ್ನುತ್ತಾರೆ. ಜಾಲದಲ್ಲಿರುವ ಯಾವುದೇ ಒಂದು ಲೈನು, ಒಂದು ಟ್ರಾನ್ಸ್‌ಫಾರ್ಮರ್ ಹಠಾತ್ತನೆ ಹೋದರೂ ಉಳಿದದ್ದು ಕುಸಿಯಬಾರದು; ಹಾಗೆಯೇ ಯೋಜನೆ ಹಾಕಬೇಕು, ಹಾಗೆಯೇ ನಡೆಸಬೇಕು. ನಿಯಮ ಮೀರಿದರೆ ಏನಾಗುತ್ತದೆಂದು 2012ರ ಜುಲೈ 30 ಮತ್ತು 31ರಂದು ದೇಶ ಕಂಡಿತು. ಬೀನಾ–ಗ್ವಾಲಿಯರ್ ಮಾರ್ಗದ ಎರಡು ಲೈನುಗಳಲ್ಲಿ ಒಂದನ್ನು ಮೇಲ್ದರ್ಜೆಗೇರಿಸುವ ಕೆಲಸಕ್ಕಾಗಿ ಬಂದ್ ಮಾಡಲಾಗಿತ್ತು. ಉಳಿದೊಂದರ ಮೇಲೆ ಹೊರೆ ಮಿತಿಮೀರಿ ಅದೂ ಕಳಚಿಕೊಂಡಿತು, ಉತ್ತರ ಭಾರತ ಕತ್ತಲಾಯಿತು. ಮರುದಿನ ಮತ್ತೆ ಬಿದ್ದಾಗ ಪೂರ್ವ, ಈಶಾನ್ಯ ಭಾಗಗಳೂ ಸೇರಿದವು. ದಕ್ಷಿಣದ ಗ್ರಿಡ್ ಆಗಿನ್ನೂ ಅವುಗಳ ಜೊತೆ ಪೂರ್ತಿ ಬೆಸೆದುಕೊಂಡಿರದ ಕಾರಣ ನಾವು ಪಾರಾದೆವು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋದ 765 ಕೆ.ವಿ. ಲೈನು ಆ ಬೆಸುಗೆ ಹಾಕಿತು. ಈಗ ಒಳಿತೂ ಕೆಡುಕೂ ಎಲ್ಲರದ್ದು. 2012ರ ಘಟನೆಯಲ್ಲಿ ದುರಸ್ತಿ ಮಾಡಲು ಹೊರಟದ್ದು ತಪ್ಪಾಗಿರಲಿಲ್ಲ. ಒಂದು ಲೈನು ಕೆಲಸಕ್ಕೆ ಹೋದಾಗ ಇನ್ನೊಂದರ ಮೇಲೆ ಎಷ್ಟು ಹೊರೆ ಹಾಕಬಹುದೆಂಬ ಶಿಸ್ತು ತಪ್ಪಿತ್ತು. ಅಣೆಕಟ್ಟುಗಳಿಗೂ ಇಂಥದೊಂದು ನಿಯಮ ಬೇಕು. ಒಂದು ಗೇಟು ಹೋಯಿತೆಂದರೆ ಎಷ್ಟು ತಾಸಿನಲ್ಲಿ ಕಿಂಡಿ ಮುಚ್ಚಬೇಕು, ಅದಕ್ಕೆ ಬೇಕಾದ ಸಾಮಾನು ಎಲ್ಲಿರಬೇಕು, ಕ್ರೇನು ಎಲ್ಲಿಂದ ಬರಬೇಕು ಎಂಬುದು ಮೊದಲೇ ಬರೆದಿರಬೇಕು. ಬರೆದದ್ದನ್ನು ಬೇಸಿಗೆಯಲ್ಲಿ ಒಮ್ಮೆ ಮಾಡಿ ನೋಡಿರಬೇಕು.

ಕಿಂಡಿ ಮುಚ್ಚಿದ್ದರಿಂದ ಕತೆ ಮುಗಿಯಲಿಲ್ಲ. ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ.ಕೆ. ಬಜಾಜ್ ನೇತೃತ್ವದ ಸಮಿತಿ 33 ಗೇಟುಗಳನ್ನೂ ಬದಲಿಸಬೇಕೆಂದಿತು. 2025ರ ಮುಂಗಾರಿನಲ್ಲಿ 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 80 ಟಿಎಂಸಿಗೆ ನೀರು ನಿಲ್ಲಿಸಿದರು. ಏಳು ಗೇಟುಗಳು ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬುದು ಆ ಆಗಸ್ಟ್‌ನಲ್ಲಿ ಬಯಲಾಯಿತು. ನವೆಂಬರ್‌ನಲ್ಲಿ, ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನ ಬಂತು. ಇಲ್ಲಿ ಒಂದು ಹೋಲಿಕೆ ನೆನಪಿಗೆ ಬರಬೇಕು. ಹೂಳು ತುಂಬಿ ತುಂಗಭದ್ರೆ ಕಳೆದುಕೊಂಡ ಸಾಮರ್ಥ್ಯ ಸುಮಾರು 27 ಟಿಎಂಸಿ. ಅದನ್ನು ಸರಿದೂಗಿಸಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಬೇಕೆಂದು ವರ್ಷಗಳಿಂದ ಸಭೆ, ಡಿಪಿಆರ್, ರಾಜ್ಯ ರಾಜ್ಯಗಳ ನಡುವೆ ಮಾತುಕತೆ ನಡೆದೇ ಇದೆ. ಹೆಚ್ಚುಕಮ್ಮಿ ಅಷ್ಟೇ ನೀರನ್ನು, 25 ಟಿಎಂಸಿಯನ್ನು, ಗೇಟುಗಳ ದೌರ್ಬಲ್ಯ ಒಂದೇ ವರ್ಷದಲ್ಲಿ ನುಂಗಿತು. ಸಾವಿರಾರು ಕೋಟಿಯ ಹೊಸ ಜಲಾಶಯದ ಬಗ್ಗೆ ಇರುವ ಉತ್ಸಾಹದ ಒಂದಂಶ ಇದ್ದ ಗೇಟುಗಳ ಮೇಲೆ ಇದ್ದಿದ್ದರೆ ಎನಿಸದೆ ಇರದು.

ಬೆಳೆ ಬಿಡಿಸದೆ ಗೇಟು ಬದಲಿಸುವುದು ಸಾಧ್ಯವಿತ್ತೆ? ರೈತರ ಹೊಟ್ಟೆಯ ಮೇಲೆ ಹೊಡೆದು ದುರಸ್ತಿ ಮಾಡಿ ಎನ್ನುವುದು ಸುಲಭ, ಒಂದು ಹಂಗಾಮು ಹೋದರೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಸಾಲ ಮಾಡಿದವನ ಗತಿ ಏನು ಎಂಬ ಆಕ್ಷೇಪ ತೂಕದ್ದು. ಗೇಣಿಗೆ ಹಿಡಿದವನು, ನಾಟಿಗೆ ಬರುವ ಕೂಲಿಯವಳು, ಅಕ್ಕಿ ಗಿರಣಿಯ ಹಮಾಲ, ಇವರ ಹೆಸರಿನಲ್ಲಿ ಪಹಣಿಯೂ ಇಲ್ಲ. ಹಾಗಾಗಿಯೇ ದುರಸ್ತಿಯನ್ನು ಮುಂದೂಡಬಾರದಿತ್ತು ಎನ್ನುತ್ತೇನೆ. ಪ್ರತಿ ಬೇಸಿಗೆಯಲ್ಲೂ ತುಂಗಭದ್ರೆಯ ನೀರು 1613 ಅಡಿಗಿಂತ ಕೆಳಗೆ ಇಳಿದೇ ಇಳಿಯುತ್ತದೆ, ಗೇಟುಗಳು ಒಣ ನೆಲದ ಮೇಲೆ ನಿಂತಂತೆ ನಿಲ್ಲುತ್ತವೆ. ವರ್ಷಕ್ಕೆ ನಾಲ್ಕರಂತೆ ಬದಲಿಸಿದ್ದರೂ 33 ಗೇಟು ಮುಗಿಸಲು ಎಂಟೊಂಬತ್ತು ಬೇಸಿಗೆ ಸಾಕಾಗುತ್ತಿತ್ತು. ಉಕ್ಕಿನ ಗೇಟುಗಳ ಆಯಸ್ಸು ಸಾಮಾನ್ಯವಾಗಿ 40–50 ವರ್ಷ ಎಂದು ಲೆಕ್ಕ ಹಿಡಿದರೂ 1990ರ ದಶಕದಲ್ಲೋ 2000ದ ಆಸುಪಾಸಿನಲ್ಲೋ ಈ ಕೆಲಸ ಶುರುವಾಗಬೇಕಿತ್ತು. ಒಂದು ಎಕರೆಯೂ ಬೀಳು ಬೀಳುತ್ತಿರಲಿಲ್ಲ. ಸಾವಕಾಶವಾಗಿ ಕಂತಿನಲ್ಲಿ ತೀರಿಸಬಹುದಾಗಿದ್ದ ಸಾಲವನ್ನು ಒಂದೇ ಏಟಿಗೆ ವಸೂಲಿ ಮಾಡಿದಂತಾಯಿತು, ಅದೂ ಸಾಲ ಮಾಡದವರಿಂದ.

ದುಡ್ಡೆಲ್ಲಿದೆ ಎಂಬುದು ಮಾಮೂಲಿ ಆಕ್ಷೇಪ. ಈ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಅಣೆಕಟ್ಟುಗಳ ಪುನಶ್ಚೇತನಕ್ಕೆ ವಿಶ್ವಬ್ಯಾಂಕಿನ ನೆರವಿನ ಡ್ರಿಪ್ ಯೋಜನೆ 2012ರಿಂದ ಇದೆ. ಅದರ ಎರಡನೇ ಮತ್ತು ಮೂರನೇ ಹಂತಕ್ಕೆ 2020ರಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು 10,211 ಕೋಟಿ ರೂಪಾಯಿ, 736 ಅಣೆಕಟ್ಟುಗಳಿಗೆ. ಸರಾಸರಿ ತೆಗೆದರೆ ಒಂದಕ್ಕೆ 14 ಕೋಟಿಗಿಂತ ಸ್ವಲ್ಪ ಕಡಿಮೆ. ದೊಡ್ಡ ನಗರದ ಒಂದು ಮೇಲ್ಸೇತುವೆಗೆ ಇದರ ಹಲವು ಪಟ್ಟು ಬೇಕಾಗುತ್ತದೆ. ಕನ್ನಂಬಾಡಿಯ ಹಳೆಯ ಗೇಟುಗಳನ್ನು ಇತ್ತೀಚಿನ ವರ್ಷಗಳಲ್ಲಿ ಹಂತಹಂತವಾಗಿ ಬದಲಿಸಿಯೂ ಆಗಿದೆ, ಆಗ ಮಂಡ್ಯದ ಗದ್ದೆಗಳು ಒಣಗಿ ನಿಂತ ಸುದ್ದಿ ಬರಲಿಲ್ಲ. ಇಲ್ಲಿ ಕೊರತೆ ಆಸಕ್ತಿಯದು. ಹೊಸ ಕಾಮಗಾರಿಗೆ ಶಂಕುಸ್ಥಾಪನೆಯ ಕಲ್ಲಿದೆ, ಅದರ ಮೇಲೆ ಹೆಸರಿದೆ, ಗುತ್ತಿಗೆಯ ಗಾತ್ರವೂ ದೊಡ್ಡದು. ಚೈನಿಗೆ ಗ್ರೀಸ್ ಹಚ್ಚಿದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ಡ್ಯಾಮು ತುಂಬಿದಾಗ ಬಾಗಿನ ಕೊಡುವ ಸಂಪ್ರದಾಯ ಚೆಂದದ್ದೇ, ಅದರ ಬಗ್ಗೆ ತಕರಾರಿಲ್ಲ. ಖಾಲಿಯಾದಾಗಲೂ ಮಂತ್ರಿಗಳು ಒಮ್ಮೆ ಹೋಗಿ ಗೇಟಿನ ಬುಡದಲ್ಲಿ ನಿಂತು ನೋಡುವ ಸಂಪ್ರದಾಯ ಶುರುವಾದರೆ ಒಳ್ಳೆಯದಿತ್ತು.

ಹೊಣೆ ಯಾರದ್ದೆಂಬ ಪ್ರಶ್ನೆ ಇದಕ್ಕಿಂತ ಜಿಗುಟು. ಜಲಾಶಯ ನಡೆಸುವ ತುಂಗಭದ್ರಾ ಮಂಡಳಿಯ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ. ಹೆಚ್ಚಿನ ಸದಸ್ಯರು ರಾಜ್ಯಗಳವರು, ಖರ್ಚು ಹಂಚಿಕೊಳ್ಳುವುದೂ ರಾಜ್ಯಗಳೇ. ಗೇಟು ಮುರಿದ ಮರುದಿನದಿಂದಲೇ ರಾಜ್ಯದವರು ಮಂಡಳಿಯತ್ತ, ವಿರೋಧ ಪಕ್ಷದವರು ರಾಜ್ಯದತ್ತ ಬೆರಳು ತೋರಿದರು. ನೀರು ಹಂಚಿಕೊಳ್ಳುವಾಗ ಒಂದೊಂದು ಕ್ಯುಸೆಕ್‌ಗೂ ಲೆಕ್ಕವಿಡುವ ಮೂರು ರಾಜ್ಯಗಳಿಗೆ ಗೇಟಿನ ವಿಷಯದಲ್ಲಿ ಅಂಥ ಜಗಳ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಒಳ್ಳೆಯದಾಗುತ್ತಿತ್ತು. ಕಾನೂನಿನ ಕೊರತೆ ಎನ್ನುವಂತೆಯೂ ಇಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಆ ವರ್ಷದ ಡಿಸೆಂಬರ್ 30ರಂದು ಜಾರಿಗೆ ಬಂತು. ಮಳೆಗಾಲಕ್ಕೆ ಮುಂಚೆ ಮತ್ತು ಆಮೇಲೆ ತಪಾಸಣೆ, ನಿರ್ವಹಣೆಗೆ ಸಾಕಷ್ಟು ಹಣ ಮೀಸಲು, ಐದು ವರ್ಷದೊಳಗೆ ಸ್ವತಂತ್ರ ತಜ್ಞರಿಂದ ಸಮಗ್ರ ಮೌಲ್ಯಮಾಪನ, ತುರ್ತು ಕ್ರಿಯಾ ಯೋಜನೆ, ಎಲ್ಲವನ್ನೂ ಅದು ಹೇಳುತ್ತದೆ. ಕಾಯ್ದೆ ಬಂದು ಎರಡೂವರೆ ವರ್ಷವಾದ ಮೇಲೆ 19ನೇ ಗೇಟು ಹೋಯಿತು. ಕಾಗದದ ಮೇಲಿನ ತಪಾಸಣೆಗೂ ನಿಜವಾದ ತಪಾಸಣೆಗೂ ಇರುವ ಅಂತರ ಹೊಸದೇನಲ್ಲ. 2016ರ ಮಾರ್ಚ್ ಹೊತ್ತಿಗೆ ದೇಶದ 4,862 ದೊಡ್ಡ ಅಣೆಕಟ್ಟುಗಳ ಪೈಕಿ ತುರ್ತು ಕ್ರಿಯಾ ಯೋಜನೆ ಇದ್ದದ್ದು 349ಕ್ಕೆ ಮಾತ್ರ ಎಂದು ಮಹಾಲೇಖಪಾಲರ ವರದಿ ಹೇಳಿತ್ತು.

ಹೊಣೆಯನ್ನು ಹಿಡಿದು ನಿಲ್ಲಿಸುವ ಒಂದು ಅಗ್ಗದ ದಾರಿ ಬಹಿರಂಗತೆ. ಮುಂಗಾರು ಶುರುವಾದೊಡನೆ ಕನ್ನಡ ಪತ್ರಿಕೆಗಳು ದಿನಾ ಜಲಾಶಯಗಳ ಪಟ್ಟಿ ಹಾಕುತ್ತವೆ: ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಊರ ಕಟ್ಟೆಯ ಮೇಲೆ ಕೂತವರಿಗೂ ಈ ಅಂಕಿಗಳು ಬಾಯಿಪಾಠ. ಅದೇ ಪಟ್ಟಿಯಲ್ಲಿ ಇನ್ನೊಂದು ಕಾಲಂ ಬೇಕು: ಎಷ್ಟು ಗೇಟುಗಳಿವೆ, ಎಷ್ಟು ಪೂರ್ತಿ ಎದ್ದು ಕೂರುತ್ತವೆ, ಕೊನೆಯ ಬಾರಿ ಉಕ್ಕಿನ ದಪ್ಪ ಅಳೆದದ್ದು ಯಾವಾಗ. ಮೇ ಕೊನೆಯೊಳಗೆ ಪ್ರತಿ ಜಲಾಶಯದ ಮಳೆಗಾಲ ಪೂರ್ವ ವರದಿಯನ್ನು ಕನ್ನಡದಲ್ಲಿ, ಗಡಿಯಾಚೆಗೆ ತೆಲುಗಿನಲ್ಲಿ, ಪ್ರಕಟಿಸಲಿ. ಇಂಥ ಮಾಹಿತಿ ಹೊರಬಿಟ್ಟರೆ ವಿಧ್ವಂಸಕರಿಗೆ ಅನುಕೂಲ ಎಂದು ಭದ್ರತೆಯವರು ಹುಬ್ಬೇರಿಸಬಹುದು. ನಿಯಂತ್ರಣ ಕೊಠಡಿಯ ನಕ್ಷೆಯನ್ನೋ ಪಾಸ್‌ವರ್ಡನ್ನೋ ಯಾರೂ ಕೇಳುತ್ತಿಲ್ಲ. ಗೇಟು ಜಾಮ್ ಆಗಿರುವುದು ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬನಿಗೂ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಕಾಲುವೆಯ ಕೊನೆ ಭಾಗದ ರೈತನಿಗೆ ಮತ್ತು ನದಿಪಾತ್ರದ ಹಳ್ಳಿಯವರಿಗೆ. ಗೋಪ್ಯತೆಯಿಂದ ಇಲ್ಲಿ ರಕ್ಷಣೆ ಸಿಗುವುದು ಹೆಚ್ಚಾಗಿ ಕರ್ತವ್ಯ ಮರೆತವರಿಗೆ.

ಕಾಲ ಬದಲಾಗಿದೆ, ಮುಂದಿನ ಯುದ್ಧ ಕಂಪ್ಯೂಟರಿನಲ್ಲಿ, ನೀವಿನ್ನೂ ತುಕ್ಕು ಹಿಡಿದ ಚೈನಿನ ಮಾತಾಡುತ್ತೀರಿ ಎನ್ನುವವರೂ ಇದ್ದಾರೆ. ಸೈಬರ್ ಅಪಾಯ ನಿಜ. ಆದರೆ ಅಲ್ಲಿಯೂ ಪಾಠ ಬೇರೆಯಲ್ಲ. 19ನೇ ಗೇಟು ಹೋಗುವುದಕ್ಕೆ ಮೂರು ವಾರ ಮೊದಲು, 2024ರ ಜುಲೈ 19ರಂದು, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಂಪನಿ ಕಳಿಸಿದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು. ದಾಳಿ ತಡೆಯಲು ಹಾಕಿಕೊಂಡದ್ದೇ ಕೈಕೊಟ್ಟಿತ್ತು. ಆ ದಿನ ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಹತ್ತಿಸಿದ್ದು ಕೈಬರಹದ ಬೋರ್ಡಿಂಗ್ ಪಾಸುಗಳು. ಜನ ಅವುಗಳ ಫೋಟೊ ಹಾಕಿ ನಕ್ಕರು. ಆದರೆ ಪೆನ್ನು ಕಾಗದ ಹಿಡಿದು ಕೆಲಸ ಮುಂದುವರಿಸಲು ಬರುತ್ತಿತ್ತು ಎಂಬುದೇ ಅಂದು ವ್ಯವಸ್ಥೆ ಪೂರ್ತಿ ನಿಲ್ಲದಂತೆ ಕಾಪಾಡಿತು. ಅಣೆಕಟ್ಟುಗಳಿಗೆ ಈಗ ಸ್ಕಾಡಾ, ಸೆನ್ಸರ್, ದೂರದಿಂದಲೇ ಗೇಟು ಎತ್ತುವ ವ್ಯವಸ್ಥೆ ಎಂದೆಲ್ಲ ಟೆಂಡರುಗಳು ಬರುತ್ತವೆ. ಬರಲಿ. ಎತ್ತುವ ಗುಂಡಿ ಬೆಂಗಳೂರಿನಲ್ಲಿದ್ದರೂ ಎಳೆಯಬೇಕಾದದ್ದು ಹೊಸಪೇಟೆಯ ಚೈನೇ.

ಕಾಯ್ದೆಯ ಐದು ವರ್ಷದ ಗಡುವು 2026ರ ಡಿಸೆಂಬರ್ 30ಕ್ಕೆ ಮುಗಿಯುತ್ತದೆ. ಆಲಮಟ್ಟಿ, ನಾರಾಯಣಪುರ, ಭದ್ರಾ, ಲಿಂಗನಮಕ್ಕಿ, ಘಟಪ್ರಭಾ, ಮಲಪ್ರಭಾ, ಎಲ್ಲವುಗಳ ಸಮಗ್ರ ಮೌಲ್ಯಮಾಪನವೂ ತುರ್ತು ಯೋಜನೆಯೂ ಅಷ್ಟರಲ್ಲಿ ಆಗಿರಬೇಕು. ಆ ವರದಿಗಳಲ್ಲಿ ಕಾಂಕ್ರೀಟು, ಕಟ್ಟೆ, ಸೋರಿಕೆಯ ಅಂಕಿಗಳ ಜೊತೆಗೆ ಮೂರು ಸಂಗತಿ ಇವೆಯೇ ಎಂದು ವಿಧಾನಮಂಡಲದಲ್ಲಿ ಯಾರಾದರೂ ಕೇಳಬೇಕು: ಯಾವ ಬಿಡಿಭಾಗ ಎಲ್ಲಿ ದಾಸ್ತಾನಿದೆ, ದುರಸ್ತಿಗೆ ಯಾವ ವರ್ಷದ ಯಾವ ತಿಂಗಳು ಮೀಸಲು, ನೀರು ನಿಲ್ಲಿಸಬೇಕಾಗಿ ಬಂದರೆ ರೈತನಿಗೆ ಏನು. ಮೂರನೆಯದನ್ನು ನಾವು ಯಾವಾಗಲೂ ಆಮೇಲಿನ ಪ್ರತಿಭಟನೆಗೆ, ಪ್ಯಾಕೇಜಿನ ಘೋಷಣೆಗೆ ಬಿಟ್ಟುಬಿಡುತ್ತೇವೆ. ಗೇಟು ಬದಲಿಸುವ ಅಂದಾಜುಪಟ್ಟಿಯಲ್ಲಿ ಉಕ್ಕಿನ ದರ, ಕ್ರೇನಿನ ಬಾಡಿಗೆ, ಬಣ್ಣ, ಸಾಗಣೆ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಬೆಳೆ ಬಿಟ್ಟ ಎಕರೆಗೂ, ಕೆಲಸ ತಪ್ಪಿದ ಕೂಲಿಯವರ ದಿನಗಳಿಗೂ ಅದೇ ಪಟ್ಟಿಯಲ್ಲಿ ಸಾಲು ಇರಬೇಕು, ಆಡಳಿತಾತ್ಮಕ ಅನುಮೋದನೆ ಸಿಗುವ ಮೊದಲೇ. ಹಾಗೆ ಬರೆದಾಗ ಮೊತ್ತ ದೊಡ್ಡದಾಗಿ ಕಾಣುತ್ತದೆ, ಹಣಕಾಸು ಇಲಾಖೆ ಕಡತ ವಾಪಸ್ ಕಳಿಸುತ್ತದೆ. ಕಳಿಸಲಿ, ಮೂವತ್ತು ವರ್ಷ ಮುಂದೂಡಿದ್ದಕ್ಕೆ ಎಷ್ಟು ಬಡ್ಡಿ ಬಿದ್ದಿದೆ ಎಂಬುದು ಕಡೆಗೂ ಒಂದು ಸರ್ಕಾರಿ ಕಾಗದದಲ್ಲಿ ದಾಖಲಾಗಿರುತ್ತದೆ.